ಪ್ಲೇಗಿನ ಸೂಜಿ ಮತ್ತು ನಮ್ಮ ಅತ್ತೆ

ಗೆಳತಿಯರೇ, ಇವತ್ತು ನಮ್ಮೂರು ತಳಕಲ್ಲಿಗೆ ಪ್ಲೇಗಿನ ಸೂಜಿ ಹಾಕುವ ಡಾಕ್ಟರು ಬಂದಿದ್ದರು. ಮನೆಗಳಲ್ಲಿ ಇಲಿ ಸತ್ತು ಬಿದ್ದು, ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲು ಸೇರಿದೆ. ಆದರೂ ನಮ್ಮ ಅತ್ತೆ ಮೊಮ್ಮಗಳನ್ನು ಮಡಿಲಿನಿಂದ ಇಳಿಸಲಿಲ್ಲ.

"ಸೂಜಿ ಚುಚ್ಚಿದ್ರ ಜ್ವರ ಬರ್ತೈತಂತ. ಕೂಸಿನ್ನ ಕೊಡಂಗಿಲ್ರಿ."

ಡಾಕ್ಟರು ಸಿಟ್ಟಾಗಲಿಲ್ಲ. "ಖರೇನ ಯವ್ವಾ, ಜ್ವರ ಬಂದು ಹೋಗ್ತೈತಿ. ಪ್ಲೇಗ್ ಬಂದ್ರ ಹಂಗ ಹೋಗಂಗಿಲ್ಲ."

ಹಿಂದಿನ ಪ್ಲೇಗಿನಲ್ಲಿ ಮಗಳನ್ನು ಕಳೆದುಕೊಂಡವರು ನಮ್ಮ ಅತ್ತೆ.

"ಮೊದಲ ನನಗ ಹಾಕ್ರಿ. ಏನಾಕ್ಕೈತಿ ನೋಡೂಣು," ಎಂದು ತೋಳು ಚಾಚಿದರು.

"ಅತ್ತೀ, ಡಾಕ್ಟರು ಸಂಜೀಕ ಯಲಬುರ್ಗಾಕ್ಕ ಹೋಗ್ತಾರ. ನಿಮಗ ಏನಾಕ್ಕೈತಿ ನೋಡಿ ಕೂಸಿಗೆ ಹಾಕಾಕ ಅವರು ಇರಂಗಿಲ್ಲ," ಎಂದೆ.

ಅವರು ಮಗುವಿನ ಮುಖ ನೋಡಿದರು. "ಹಂಗಾರ ಇಬ್ರಿಗೂ ಹಾಕ್ರಿ."

ಈಗ ಇಬ್ಬರಿಗೂ ಜ್ವರ. ನನ್ನ ಮಗಳು ನಿದ್ದೆ ಮಾಡುತ್ತಿದ್ದಾಳೆ. ಅತ್ತೆ ಡಾಕ್ಟರನ್ನು ಬೈಯುತ್ತಿರುವ ಜೋರಿಗೆ ಪ್ಲೇಗೇ ಹೆದರಿ ಓಡೀತು.