ಎರಡು ಸ್ಪ್ರಿಂಗಿನ ದಪ್ಪ ಟೈರಿನ ಸೈಕಲ್ಲು

ಹೊಳೆನರಸೀಪುರದಿಂದ ಅರಕಲಗೂಡಿನ ಬಸ್ಸು ಹತ್ತಿ ಊರ ಕಡೆ ತಿರುಗುವ ಗೇಟಿನಲ್ಲಿ ಇಳಿದರೆ, ಅಲ್ಲಿಂದ ನಮ್ಮ ಶಾಲೆಗೆ ಐದು ಕಿಲೋಮೀಟರ್ ಮಣ್ಣುರಸ್ತೆ. ಶುಂಠಿ ಲಾರಿಗಳು ಅದನ್ನು ಉತ್ತುಹಾಕಿವೆ. ಹದಿನೇಳು ವರ್ಷ ಜೊತೆಯ ಟೀಚರ ಸ್ಕೂಟರಿನ ಹಿಂದೆ ಕೂತು ಹೋದೆ. ಹೋದ ವರ್ಷ ಬೆನ್ನಿನ ಡಿಸ್ಕು ಜಾರಿತು. ಎತ್ತಿಹಾಕುವ ಗಾಡಿ ಬೇಡವೇ ಬೇಡ ಎಂದರು ಡಾಕ್ಟರು. ಆಟೋ ಇನ್ನೂ ಕಡೆ. ವರ್ಗಾವಣೆಯೂ ಸಿಗಲಿಲ್ಲ. ಹೋಗಲು ಏನಾದರೂ ಒಂದು ದಾರಿಯಾಗದಿದ್ದರೆ ಕೆಲಸ ಬಿಡುವುದೇ.

ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್, ದಪ್ಪ ಟೈರು ಇರುವ ಎಲೆಕ್ಟ್ರಿಕ್ ಸೈಕಲ್ಲಾದರೆ ಕುಲುಕಾಟ ಮೈಗೆ ತಟ್ಟುವುದಿಲ್ಲ ಎಂದು ನಮ್ಮ ಯಜಮಾನರು ಪತ್ತೆ ಮಾಡಿದರು. ದೇವಸ್ಥಾನದ ಪೂಜೆ ಮುಗಿಸಿ ಬಂದು ದಿನವೂ ಫೋನಿನಲ್ಲಿ ಅದನ್ನೇ ನೋಡುವರು. ನಾನು ಪಾಠಟಿಪ್ಪಣಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ: ಬ್ಯಾಟರಿ ಬಿಚ್ಚಿ ಒಳಗೆ ತರುವಂತಿರಬೇಕು, ಕೂತರೆ ಕಾಲು ನೆಲ ಮುಟ್ಟಬೇಕು, ಬೆಲೆ ಕೈಗೆ ಎಟುಕಬೇಕು.

ಅಗ್ಗದ್ದು ಚನ್ನರಾಯಪಟ್ಟಣದಲ್ಲಿತ್ತು. ಯಜಮಾನರು ಪಂಚೆ ಎತ್ತಿಕಟ್ಟಿ, ಹತ್ತಿ ಕೂತು ಕುಕ್ಕಿದರು. ಹಿಂದಿನ ಸ್ಪ್ರಿಂಗು ಮಿಸುಕಲಿಲ್ಲ.

"ಇದು ಮೂಲವಿಗ್ರಹ ಕಣೇ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ," ಎಂದು ಇಳಿದರು.

ಹಾಸನದಲ್ಲಿ ಎರಡು ನೋಡಿದೆವು. ಮೊದಲನೆಯದರ ಬೆಲೆ ಕೇಳಿ ಅದರ ಮೇಲಿಟ್ಟಿದ್ದ ಕೈ ತೆಗೆದೆ. ಎರಡನೆಯದು ನಮಗೆ ಆಗುವಂಥದ್ದು. ಒತ್ತಿದರೆ ಎರಡೂ ಸ್ಪ್ರಿಂಗು ಇಳಿದು ಏಳುತ್ತಿದ್ದವು. ತೂಕ ಮಾತ್ರ ಎಮ್ಮೆಗರುವಿನದು.

"ಮೋಟ್ರು ಎಳ್ಕಂಡ್ ಓಯ್ತದೆ, ಮೇಡಂ ಸುಮ್ನೆ ಕೂತ್ರಾಯ್ತು. ಒಂದ್ ವಾರ ಓಡ್ಸಿ ನೋಡಿ ಸ್ವಾಮೇರಾ, ಆಗ್ದಿದ್ರೆ ವಾಪಸ್ ತನ್ನಿ," ಎಂದ ಅಂಗಡಿಯವ.

ಅದನ್ನೇ ಕೊಂಡು, ಸೋಮವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ತಂದು ಗೇಟಿನಲ್ಲಿ ಇಳಿಸಿದೆವು. ಅಲ್ಲಿ ಪಂಚರ್ ಹಾಕುವವನು ಟೈರಿಗೆ ಹೆಬ್ಬೆರಳು ಒತ್ತಿ ಗಾಬರಿಯಾದ.

"ಅಯ್ಯೋ ಟೀಚರಮ್ಮ, ಗಾಳೀನೇ ಇಲ್ವಲ್ಲ! ಇಂಗೇ ಕೊಟ್ಬುಟ್ರಾ?"

"ಅದಿರೋದೇ ಹಾಗೇನೋಪ್ಪ."

"ಮೆತ್ತಗಿದ್ರೆ ರಿಮ್ಮು ಒಡ್ದೋಯ್ತದೆ ಕಣಮ್ಮ. ಟೈರು ಅಂದ್ರೆ ಕಲ್ಲಂಗಿರ್ಬೇಕು."

ನಮ್ಮ ಕಡೆ ಸೈಕಲ್ಲಿನ ಗಾಳಿ ನೋಡುವುದೇ ಹಾಗೆ, ಬೆರಳು ಒಳಗೆ ಹೋಗಕೂಡದು. ನನ್ನ ತಂದೆಯೂ ಹಾಗೇ ನೋಡುತ್ತಿದ್ದರು. ಅವನು ತುಂಬಿಸಿದ ಮೇಲೆ ನಾನೂ ಒತ್ತಿ ನೋಡಿ, ಈಗ ಸರಿಯಾಯಿತು ಎಂದೆ. ತನ್ನ ಮಗಳಿಗೆ ಅಕ್ಷರ ಕಲಿಸಿದವಳೆಂದು ಅವನು ಕಾಸು ಮುಟ್ಟಲಿಲ್ಲ.

ಹೊರಟೆ. ಒಂದೊಂದು ಕಲ್ಲಿಗೂ ಟೈರು ಚೆಂಡಿನಂತೆ ಪುಟಿಯಿತು. ಅರ್ಧ ದಾರಿಗೆ ಸೊಂಟದಿಂದ ಬಲಗಾಲಿನ ತುದಿಯವರೆಗೆ ನೋವು ಹರಿಯಿತು. ಇಳಿದವಳಿಗೆ ಮತ್ತೆ ಹತ್ತಲಾಗಲಿಲ್ಲ. ಆ ಭಾರವನ್ನು ತಳ್ಳಿಕೊಂಡೇ ಶಾಲೆ ಮುಟ್ಟಿದೆ. ಪ್ರಾರ್ಥನೆ ಮುಗಿದಿತ್ತು. ಕೂರಲು ಆಗದೆ ಮೂರನೇ ತರಗತಿಗೆ ನಿಂತೇ ಭಾಗಾಕಾರ ಹೇಳಿಕೊಟ್ಟೆ.

ಮಾರನೆಯ ದಿನದಿಂದ ಹಾಸಿಗೆ. ಯಜಮಾನರು ಸೈಕಲ್ಲು ಹಿಂದಿರುಗಿಸಲು ಹೋದರು. ಅಂಗಡಿಯವ ಟೈರು ಮುಟ್ಟಿ, "ಯಾರ್ ಸ್ವಾಮಿ ಈ ಪಾಟಿ ಗಾಳಿ ತುಂಬ್ದೋರು? ಇದು ಮೆತ್ತಗೇ ಇರ್ಬೇಕು, ಅದುಕ್ಕೇ ದಪ್ಪ ಮಾಡಿರೋದು," ಎಂದನಂತೆ. ಸೈಕಲ್ಲು ಅಲ್ಲೇ ಬಿಟ್ಟು ಬಂದು ಹಾಸಿಗೆಯ ಪಕ್ಕ ಕೂತು ಅದನ್ನು ಹೇಳಿದರು. "ಗಾಳಿ ಇಳಿಸ್ಕೊಂಡು ಇನ್ನೊಂದ್ಸಲ ನೋಡೋಣ್ವೇನೇ?" ಎಂದರು.

"ಕಾಲು ಬೆರಳು ಮುಟ್ಟಿ ನೋಡಿ."

ಮುಟ್ಟಿದರು. ನನಗೆ ಗೊತ್ತಾಗಲಿಲ್ಲ.

ಎರಡು ಚಕ್ರದ್ದು ಯಾವುದೂ ಇನ್ನು ಬೇಡವೆಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿ ಲಗತ್ತಿಸಿ ಸ್ವಯಂ ನಿವೃತ್ತಿಯ ಅರ್ಜಿ ಕಳಿಸಿದೆ. ನನ್ನ ಜಾಗಕ್ಕೆ ಇದುವರೆಗೆ ಯಾರೂ ಬಂದಿಲ್ಲ. ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದೇನೆ ಎಂದು ಜೊತೆಯ ಟೀಚರು ಮೊನ್ನೆ ಫೋನು ಮಾಡಿದ್ದರು. ಮೂರನೆಯವರು ಭಾಗಾಕಾರದಲ್ಲೇ ನಿಂತಿದ್ದಾರಂತೆ.