ಟವೆಲಿನಡಿಯ ಆಟ

ಗೋಣಿಚೀಲದ ವಾಸನೆ ಎಲ್ಲಿ ಬಂದರೂ ಇಂದಿಗೂ ನನ್ನ ಎದೆ ಡವಗುಟ್ಟುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಅಪ್ಪ ಅದನ್ನು ಜಾರ್ಜ್ ಟೌನಿನ ಧಾನ್ಯದ ಮಂಡಿಯಿಂದ ಹೆಗಲ ಟವೆಲಿನಲ್ಲೇ ಟಿ. ನಗರದ ನಮ್ಮ ಮನೆಗೆ ತರುತ್ತಿದ್ದರು. ಹುಬ್ಬಳ್ಳಿ ಕಡೆಯಿಂದ ಬಂದು ಮದರಾಸಿನಲ್ಲಿ ಬೇರುಬಿಟ್ಟ ಮನೆ ನಮ್ಮದು. ಐವತ್ತರ ದಶಕ ಮುಗಿಯುತ್ತಿತ್ತು. ನನಗೆ ಒಂಬತ್ತು ವರ್ಷ. ಅಣ್ಣ, ತಂಗಿ, ನಾನು ಆಗ ಹುಚ್ಚು ಹಿಡಿದವರಂತೆ ಆಡುತ್ತಿದ್ದುದು ಒಂದು ವಿಲಾಯಿತಿ ಕಾರ್ಡಿನ ಆಟ. ಗೋಧಿ, ಬಾರ್ಲಿ, ಮೆಕ್ಕೆಜೋಳ, ತಲಾ ಒಂಬತ್ತು ಕಾರ್ಡು. ಒಂದೇ ಧಾನ್ಯದ ಒಂಬತ್ತನ್ನೂ ಕೂಡಿಸಿದವರು ಗೆದ್ದಂತೆ. ಸರದಿ ಕಾಯುವ ಮಾತೇ ಇಲ್ಲ. "ಎರಡು, ಎರಡು!" "ಮೂರು, ಮೂರು!" ಎಂದು ಗಂಟಲು ಹರಿಯುವಂತೆ ಕೂಗುತ್ತ, ಅಷ್ಟೇ ಕಾರ್ಡು ಕೊಡುವವರೊಡನೆ ಅದಲುಬದಲು ಮಾಡಿಕೊಳ್ಳಬೇಕು. "ಇದೇನು ಮನೀನೋ ಮಂಡೀನೋ!" ಎಂದು ಅವ್ವ ಒಳಗಿನಿಂದ ನಗುತ್ತಲೇ ಬೈಯುತ್ತಿದ್ದಳು.

ಆ ಬೇಸಿಗೆಯಲ್ಲಿ ಅವ್ವ ಹೃದಯದ ಕಾಯಿಲೆಯಿಂದ ಮಲಗಿದಳು. ಅವಳ ಕೋಣೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಸದ್ದು ಕೂಡದೆಂದು ಡಾಕ್ಟರು ಹೇಳಿದ್ದನ್ನು ಕದದ ಹಿಂದೆ ನಿಂತು ಕೇಳಿಸಿಕೊಂಡ ನಾನು, ಒಮ್ಮೆ ಕೂಗಿದರೂ ಅವ್ವ ಸತ್ತೇ ಹೋಗುತ್ತಾಳೆಂದು ನಂಬಿಬಿಟ್ಟೆ. ಪಾತ್ರೆ ಜಾರಿ ಬಿದ್ದರೂ ಓಡಿಹೋಗಿ, ಬಾಗಿಲ ಸಂದಿಯಿಂದ ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಅಣ್ಣ ಒಂದು ಉಪಾಯ ಹುಡುಕಿದ. ಮಂಡಿಯಲ್ಲಿ ದಲಾಲರು ಟವೆಲಿನಡಿ ಕೈ ಹಿಡಿದು, ಬೆರಳೊತ್ತಿ, ಗುಟ್ಟಾಗಿ ದರ ಹೇಳುವುದನ್ನು ನಾವು ಕಂಡಿದ್ದೆವು. ಅಪ್ಪನ ಟವೆಲಿನಡಿ ನಾವೂ ಹಾಗೆಯೇ ಆಡಿದೆವು: ಎರಡು ಬೆರಳು ಒತ್ತಿದರೆ ಎರಡು ಕಾರ್ಡು. ತಂಗಿ ಕಿಸಕ್ಕೆಂದರೆ ಅಣ್ಣ ತಮಿಳಿನಲ್ಲಿ "ಕತ್ತಾದೇ", ಕಿರುಚಬೇಡ, ಎಂದು ಪಿಸುಗುಟ್ಟಿ ಅವಳ ಬಾಯಿ ಮುಚ್ಚುತ್ತಿದ್ದ.

ನಾಲ್ಕನೆಯ ಮಧ್ಯಾಹ್ನ ನನ್ನ ಕೈಗೆ ಒಂಬತ್ತೂ ಗೋಧಿ ಬಂದವು. ತುಟಿ ಕಚ್ಚಿ ಕುಳಿತೆ. ಆಗಲೇ ಒಳಗೆ ಅವ್ವ ಬಿಕ್ಕುವುದು ಕೇಳಿಸಿತು. ನಮ್ಮಿಂದಲೇ ಏನೋ ಆಯಿತೆಂದು ಬಾಗಿಲ ಸಂದಿಗೆ ಓಡಿದೆ. ಅವಳು ಅಪ್ಪನನ್ನು ಕೇಳುತ್ತಿದ್ದಳು: "ಹುಡುಗ್ರನ್ನ ಎಗ್ಮೋರಿಗೆ ಕಳ್ಸಿಬಿಟ್ರೇನ್ರೀ? ನಾಕು ದಿನ ಆತು, ಒಂದು ದನಿ ಇಲ್ಲ. ಹಂಗಾರ ನಾ ಉಳಿಯಂಗಿಲ್ಲ." ಯಾರದಾದರೂ ಕೊನೆಗಾಲ ಬಂದರೆ ಮಕ್ಕಳನ್ನು ಮೊದಲೇ ಎಗ್ಮೋರಿನ ಅತ್ತೆಯ ಮನೆಗೆ ಸಾಗಿಸುವುದು ನಮ್ಮಲ್ಲಿ ಪದ್ಧತಿ. ಅಜ್ಜಿ ಹೋದಾಗ ನಮ್ಮ ಬಟ್ಟೆ ಕಟ್ಟಿಕೊಟ್ಟವಳು ಅವ್ವನೇ.

ಅಪ್ಪ ಹೊರಗೆ ಬಂದರು. ಎಂದೂ ದನಿಯೇರಿಸದ ಮನುಷ್ಯ ನಮ್ಮ ನಡುವೆ ನೆಲಕ್ಕೆ ಕುಳಿತು, ಸಿಕ್ಕ ಕಾರ್ಡು ಎತ್ತಿ, "ಮೂರು! ಮೂರು!" ಎಂದು ಕೂಗಿದರು. ಆಮೇಲೆ ಮೆಲ್ಲಗೆ, "ಕೂಗ್ರಿ, ಆಕೀಗೆ ಕೇಳ್ಲಿ" ಎಂದರು. ನಾನು ಕೂಗಿದೆ. ಪ್ರತಿ ಕೂಗಿಗೂ ಅವ್ವ ಸಾಯುತ್ತಾಳೆಂದು ಹೆದರುತ್ತಲೇ ಕೂಗಿದೆ. ಒಳಗಿನಿಂದ ಅವಳೆಂದಳು: "ಇನ್ನೂ ಜೋರಾಗಿ."

ದಿನವೂ ಮಧ್ಯಾಹ್ನ ಹಾಗೆ ಕೂಗಿದೆವು. ಕೊನೆಗೊಂದು ಬೆಳಿಗ್ಗೆ ಅಪ್ಪ ತಾವೇ ನಮ್ಮ ಬಟ್ಟೆ ಮಡಚಿ ಕಟ್ಟಿ, ಸದ್ದಿಲ್ಲದೆ ರಿಕ್ಷಾ ಹತ್ತಿಸಿದರು. ಮುಂದಿನದನ್ನು ಅತ್ತೆ ಬಹಳ ವರ್ಷಗಳ ಮೇಲೆ ಹೇಳಿದಳು: ಅವ್ವನ ಉಸಿರು ನಿಲ್ಲುವವರೆಗೆ, ಎರಡು ದಿನ, ಅಪ್ಪ ಒಬ್ಬರೇ ನಡುಮನೆಯಲ್ಲಿ ಕುಳಿತು, "ಎರಡು, ಎರಡು" ಎಂದು ಕೂಗುತ್ತಿದ್ದರಂತೆ.