ವಿಚಾರಿಸಲು ಬಂದವನು

ಇಂದಿರಾನಗರದ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ಬಹಳ ಹೊತ್ತು ನೋಡಿದರು. ಅವರು ಧಾರವಾಡದ ಕಡೆಯವರು. "ನಿಮ್ಮ ಹೆಸರಿನ್ಯಾಗ ಎನ್‌ಕ್ವೈರಿ ಭಾಳ ಅದಾವಲ್ರೀ ಮೇಡಂ" ಅಂದರು.

ನಮ್ಮ ಮನೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ನಮ್ಮ ಯಜಮಾನರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕಿದ್ದರು. ಯಾರ ಮೇಲಾದರೂ "ಎನ್‌ಕ್ವೈರಿ ಕೂತಿದೆ" ಎಂದು ಅವರು ಹೇಳಿದರೆ, ಆ ಮನುಷ್ಯ ಹಿತ್ತಾಳೆ ಕದ್ದು ಸಿಕ್ಕಿಬಿದ್ದಿದ್ದಾನೆ, ಇಲ್ಲವೇ ಸೂಪರ್‌ವೈಸರ್ ಮೇಲೆ ಕೈ ಮಾಡಿದ್ದಾನೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಅಂಥವರ ಮನೆಗೆ ಹೋಗಿಬರುವುದನ್ನೂ ಜನ ಕಡಿಮೆ ಮಾಡುತ್ತಿದ್ದರು. ಈಗ ಅಂಥ ಎನ್‌ಕ್ವೈರಿ ನನ್ನ ಮೇಲೆಯೇ ಇದೆ ಎನ್ನುತ್ತಿದ್ದಾರೆ. ನಾನು ಹಲಸೂರಿನಲ್ಲಿ ಮನೆ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವವಳು. ಬ್ಯಾಂಕಿಗೆ ಹೋಗಿದ್ದು ಒಂದು ಎಂಬ್ರಾಯ್ಡರಿ ಮಷೀನು ತೆಗೆದುಕೊಳ್ಳುವುದಕ್ಕೆ.

ನನ್ನ ಮುಖ ನೋಡಿ ಅಧಿಕಾರಿ ಬಿಡಿಸಿ ಹೇಳಿದರು. "ಅದು ಪೊಲೀಸ್ ಎನ್‌ಕ್ವೈರಿ ಅಲ್ರೀ. ನೀವು ಎಲ್ಲೆಲ್ಲೋ ಸಾಲಕ್ಕ ಅರ್ಜಿ ಹಾಕೀರಿ. ಅವರು ನಿಮ್ಮ ಬಗ್ಗೆ ವಿಚಾರಿಸ್ಯಾರ. ಈ ವರ್ಷದಾಗ ಇಷ್ಟು ಮಂದಿ ವಿಚಾರಿಸಿದ್ರ ನಮಗೂ ಅನುಮಾನ ಬರ್ತದ."

ನಾನು ಎಲ್ಲಿಯೂ ಅರ್ಜಿ ಹಾಕಿಲ್ಲ ಅಂದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಾಲ ಕೊಡುವ ಕಂಪನಿಗಳ ಹೆಸರುಗಳಿದ್ದವು. ಒಂದನ್ನೂ ನಾನು ಕೇಳಿರಲಿಲ್ಲ. ಪಕ್ಕದಲ್ಲಿ ನನ್ನ ಪ್ಯಾನ್ ನಂಬರು, ನನ್ನ ಜನ್ಮದಿನ, ನಮ್ಮ ಮನೆಯ ವಿಳಾಸ. ಅಷ್ಟೇ ನನಗೆ ಕಂಡದ್ದು. ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಎದ್ದು ಬಂದುಬಿಟ್ಟೆ.

ಮೆಟ್ರೋದಲ್ಲಿ ಹಲಸೂರಿಗೆ ಒಂದೇ ಸ್ಟೇಷನ್ನು. ಇಳಿಯುವುದು ಮರೆತು ಮುಂದೆ ಹೋಗಿ ವಾಪಸು ಬಂದೆ.

ಮೈದುನನಿಗೆ ಹೇಳಿದೆ. ಅವನು ನಮ್ಮ ಮನೆಯ ಮಹಡಿಯಲ್ಲೇ ಇರುವುದು. ಬಾಗಿಲ ಕಡೆ ನೋಡಿಕೊಂಡು ಹೇಳಿದ. "ಅಣ್ಣನೇ ಏನಾದ್ರೂ ನಿಮ್ಮ ಹೆಸ್ರಲ್ಲಿ ಹಾಕಿದ್ನೇನೋ ಅತ್ತಿಗೆ. ನಿಮ್ಮ ಕಾರ್ಡು, ಫೋನು ಎಲ್ಲಾ ಅವನ ಕೈಲೇ ಇರ್ತಿತ್ತಲ್ಲ. ಗಂಡಸ್ರು ಎಲ್ಲಾನೂ ಮನೇಲಿ ಹೇಳ್ತಾರಾ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನೊಳಗೆ ಇಳಿದುಬಿಟ್ಟಿತು. ಯಜಮಾನರು ತೀರಿಹೋಗಿ ವರ್ಷ ತುಂಬಿರಲಿಲ್ಲ. ಬದುಕಿದ್ದಾಗ ನನ್ನನ್ನು ಕೇಳದೆ ಒಂದು ಬಲ್ಬನ್ನೂ ತಂದವರಲ್ಲ. ಹಾಗೆಂದುಕೊಂಡಿದ್ದೆ. ಈಗ ಒಂದೊಂದೇ ನೆನಪನ್ನು ತಿರುಗಿಸಿ ನೋಡತೊಡಗಿದೆ. ಫೋನ್ ಬಂದಾಗ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದದ್ದು ಯಾಕೆ? ಕೊನೆಯ ತಿಂಗಳಲ್ಲಿ ಯೋಚನೆ ಮಾಡುತ್ತಾ ಕೂತಿರುತ್ತಿದ್ದದ್ದು ಯಾಕೆ? ಅವರ ಫೋಟೋಗೆ ಹೂವು ಹಾಕುವುದನ್ನು ನಿಲ್ಲಿಸಿದೆ. ಬೇಕೆಂದು ನಿಲ್ಲಿಸಿದ್ದಲ್ಲ, ಕೈ ಹೋಗಲಿಲ್ಲ.

ಬಾಣಸವಾಡಿಯಿಂದ ಮಗಳು ಬಂದಳು. ವಿಷಯ ಕೇಳಿ ಅವಳು ಮೊದಲು ಕೇಳಿದ್ದು, ತಾರೀಖು ಯಾವುದು ಎಂದು. ನಾನು ನೋಡಿರಲಿಲ್ಲ. ನಮ್ಮ ಬಗ್ಗೆ ಯಾರು ಯಾವಾಗ ವಿಚಾರಿಸಿದರು ಎಂಬ ವರದಿಯನ್ನು ನಾವೇ ತರಿಸಿಕೊಳ್ಳಬಹುದಂತೆ, ವರ್ಷಕ್ಕೊಮ್ಮೆ ದುಡ್ಡಿಲ್ಲದೆ ಕೊಡುತ್ತಾರಂತೆ. ಅವಳು ಫೋನಿನಲ್ಲೇ ತರಿಸಿದಳು. ಕೆಳಗೆ ಇಳಿಸುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, ಫೋನನ್ನು ನನ್ನ ಕೈಗಿಟ್ಟಳು.

ಎಲ್ಲಾ ತಾರೀಖುಗಳೂ ಅವರು ಹೋದ ಮೇಲಿನವು. ಮೂರನೆಯ ದಿನದ ಹಾಲುತುಪ್ಪ ಮುಗಿದು, ತಿಥಿಯ ಕಾರ್ಯ ಇನ್ನೂ ಆಗದೆ ಇದ್ದ ದಿನಗಳು. ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಿಸದೆ, ಪಕ್ಕದ ಮನೆಯವರು ಅನ್ನ ತಂದು ಇಟ್ಟು ಹೋಗುತ್ತಿದ್ದ ದಿನಗಳು.

"ಅಪ್ಪ ಅಲ್ಲಮ್ಮ" ಅಂದಳು ಮಗಳು.

ನನಗೆ ಅಳು ಬಂದಿತು. ಅಳುತ್ತಿರುವಾಗಲೇ ಇನ್ನೊಂದು ನೆನಪಾಯಿತು. ಆ ದಿನಗಳಲ್ಲಿ ನನ್ನ ಪ್ಯಾನ್ ಕಾರ್ಡು ಯಾರ ಕೈಗೆ ಹೋಗಿತ್ತು ಎಂಬುದು. ಅಳು ಅಲ್ಲಿಗೇ ನಿಂತುಹೋಯಿತು.

ಸಾವಾದ ಮನೆಗೆ ಜನ ವಿಚಾರಿಸಿಕೊಂಡು ಹೋಗಲು ಬರುತ್ತಾರೆ. ನಮ್ಮಲ್ಲಿ ಬಂದವರನ್ನು ಬನ್ನಿ ಅನ್ನುವುದಿಲ್ಲ. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ. ಬಂದವರು ಕೂತು, ಎರಡು ಮಾತಾಡಿ, ಬರ್ತೀನಿ ಅನ್ನದೆ ಎದ್ದು ಹೋಗಬೇಕು. ಮೈದುನ ಬೀದಿಯ ತುದಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ್ದ. ಅದರಲ್ಲಿ ಅವರ ಫೋಟೋ, ಹೆಸರು, ಕೆಲಸ ಮಾಡಿದ ಕಾರ್ಖಾನೆ, ಎಲ್ಲವೂ ಇತ್ತು. ಅದನ್ನು ನೋಡಿಯೇ ಎಷ್ಟೋ ಜನ ಬಂದರು. ಅವರಲ್ಲಿ ಒಬ್ಬ, ಬಿಳಿ ಶರ್ಟಿನವನು, ಸಣ್ಣ ಮೀಸೆಯವನು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ. ಅಣ್ಣನ ಜೊತೆ ಒಂದೇ ಶಿಫ್ಟಿನಲ್ಲಿದ್ದೆ ಅಂದ. ಫೋಟೋ ನೋಡಿ ಅತ್ತ. ಬಂದವರೆಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಮೈದುನ ಅವನಿಗೆ ನೀರು ತಂದುಕೊಟ್ಟ.

ಆಮೇಲೆ ಅವನು ನನಗೆ ಹೇಳಿದ ಮಾತು ಇದು. "ಅಕ್ಕ, ಅಣ್ಣ ದಿನಾ ಡಬ್ಬಿ ತೆಗೀವಾಗ ನಿಮ್ಮ ಬಗ್ಗೇನೇ ಹೇಳೋರು. ನಮ್ಮನೆಯವಳ ಕೈರುಚಿ ಯಾರಿಗೂ ಬರಲ್ಲ, ಅವಳಿಲ್ಲದಿದ್ರೆ ನಾನಿಲ್ಲ ಅನ್ನೋರು."

ನಮ್ಮ ಯಜಮಾನರು ಒಂದು ದಿನವೂ ನನ್ನ ಅಡುಗೆ ಚೆನ್ನಾಗಿದೆ ಅಂದವರಲ್ಲ. ಚೆನ್ನಾಗಿಲ್ಲ ಅಂದವರೂ ಅಲ್ಲ. ಹೊರಗೆ ಹೋಗಿ ಹೀಗೆಲ್ಲ ಹೇಳುತ್ತಿದ್ದರಲ್ಲ ಎಂದು ನಾನು ಆ ಮಾತನ್ನು ಎದೆಗೆ ಅಪ್ಪಿಕೊಂಡುಬಿಟ್ಟೆ. ಅವನು ಪಿ.ಎಫ್. ಬೇಗ ಬಿಡಿಸಿಕೊಡುತ್ತೇನೆ, ನಾಮಿನಿಯ ಕಾರ್ಡು ಬೇಕು ಅಂದಾಗ ನನ್ನ ಪ್ಯಾನು, ಆಧಾರು ಎರಡನ್ನೂ ಕೊಟ್ಟೆ. ಅವನು ಎರಡಕ್ಕೂ ಫೋಟೋ ತೆಗೆದುಕೊಂಡ. ನನ್ನ ಫೋನಿಗೆ ಬಂದ ನಂಬರುಗಳನ್ನು ಅವನೇ ಓದಿಕೊಂಡ. ಮಾರನೆಯ ದಿನವೂ ಬಂದು ಹಾಗೆಯೇ ಮಾಡಿದ. ಎರಡು ದಿನವೂ ಬರ್ತೀನಿ ಅನ್ನದೆ ಎದ್ದು ಹೋದ. ಸಾವಿನ ಮನೆಯ ಪದ್ಧತಿ ತಿಳಿದವನು, ಒಳ್ಳೆಯ ಮನೆತನದವನು ಎಂದು ಆಗ ನನ್ನ ನಾದಿನಿ ಅಂದಿದ್ದಳು.

ಮಗಳಿಗೆ ಇದನ್ನು ಹೇಳುವಾಗ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ವಿಚಾರಿಸಲು ಬಂದೆ ಅಂದಿದ್ದ. ಆ ಕಂಪನಿಗಳೂ ವಿಚಾರಿಸಿದ್ದವು. ಗಂಡ ಸತ್ತ ವಾರದಲ್ಲಿ ನನ್ನನ್ನು ಅಷ್ಟೊಂದು ಜನ ವಿಚಾರಿಸುತ್ತಿದ್ದರು, ನನಗೆ ತಿಳಿದೇ ಇರಲಿಲ್ಲ.

ಸೈಬರ್ ಪೊಲೀಸರಲ್ಲಿ ದೂರು ಕೊಟ್ಟೆವು. ವರದಿ ಕೊಡುವ ಕಂಪನಿಯ ಪುಟದಲ್ಲಿ, ಇವು ನಾನು ಹಾಕಿದ ಅರ್ಜಿಗಳಲ್ಲ ಎಂದು ಮಗಳು ಒಂದೊಂದಕ್ಕೂ ತಕರಾರು ಸಲ್ಲಿಸಿದಳು. ಸಾಲದ ಕಂಪನಿಗಳಿಗೂ ಬರೆದಳು. ನನಗೆ ಸಂಬಳದ ದಾಖಲೆ ಇಲ್ಲದ್ದರಿಂದ ಯಾರೂ ಅವನಿಗೆ ಸಾಲ ಕೊಟ್ಟಿರಲಿಲ್ಲ. ಕೆಲವರು ಆ ಎನ್‌ಕ್ವೈರಿಗಳನ್ನು ಬೇಗ ತೆಗೆದುಹಾಕಿದರು. ಒಬ್ಬರು ಮತ್ತೆ ಮತ್ತೆ ಕಾಗದ ಕೇಳಿದರು. ಬ್ಯಾಂಕಿನವರು, ಎಲ್ಲವೂ ತೆಗೆದ ಮೇಲೆ ಬನ್ನಿ ಅಂದರು. ಮೈದುನ ನನ್ನ ಮುಖ ನೋಡಲಾರದೆ ಕೆಲವು ದಿನ ಹಿಂದಿನ ಮೆಟ್ಟಿಲಿನಿಂದಲೇ ಓಡಾಡಿದ.

ಏನೂ ಕಳೆದುಕೊಂಡಿಲ್ಲವಲ್ಲ, ಬಿಡಿ ಎಂದು ಎಲ್ಲರೂ ಹೇಳಿದರು. ನಾನು ಹೌದು ಎಂದೆ. ಆದರೆ ಇಷ್ಟು ತಿಂಗಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತಾಗ ನಾನು ಹಿಡಿದುಕೊಂಡಿದ್ದು ಕೈರುಚಿಯ ಆ ಒಂದು ಮಾತನ್ನು. ಅದು ಅವರದೋ, ಕಳ್ಳನದೋ? ಕಳ್ಳನೂ ಎಲ್ಲೋ ಕೇಳಿ ನಿಜವನ್ನೇ ಹೇಳಿರಬಹುದಲ್ಲ ಎಂದೂ ಅನಿಸುತ್ತಿತ್ತು. ಆ ಆಸೆಗೆ ನಾಚಿಕೆಯೂ ಆಗುತ್ತಿತ್ತು.

ಕೊನೆಗೆ ಕೆ.ಆರ್. ಪುರಕ್ಕೆ ಹೋದೆ. ಯಜಮಾನರ ಪಕ್ಕದ ಮಷೀನಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರೊಬ್ಬರು ಅಲ್ಲಿದ್ದಾರೆ. ಸಾವಿನ ದಿನ ಬಂದು ಹೆಗಲು ಕೊಟ್ಟವರು, ಆವತ್ತು ನನ್ನ ಜೊತೆ ಒಂದು ಮಾತೂ ಆಡದೆ ಹೋದವರು. ಬಿಳಿ ಶರ್ಟಿನವನ ಗುರುತು ಹೇಳಿದೆ. ಅಂಥವರು ಯಾರೂ ನಮ್ಮಲ್ಲಿಲ್ಲ ಅಂದರು. ಅದು ನನಗೂ ಗೊತ್ತಿತ್ತು. ನಾನು ಕೇಳಬೇಕಾದದ್ದು ಬೇರೆ ಇತ್ತು. ಅವರ ಹೆಂಡತಿ ಕಾಫಿ ಇಟ್ಟು ಒಳಗೆ ಹೋಗುವವರೆಗೆ ಕಾದೆ.

"ಊಟಕ್ಕೆ ಕೂತಾಗ ಅವರು ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ?"

ಅವರು ನನ್ನನ್ನು ನೋಡಿದರು. ನನಗೆ ಏನು ಬೇಕಾಗಿದೆ ಎಂದು ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಹೌದು ಅಂದುಬಿಡುವುದು ಅವರಿಗೆ ಕಷ್ಟವಿರಲಿಲ್ಲ.

"ಇಲ್ಲಕ್ಕ" ಅಂದರು. "ಅಣ್ಣ ಊಟ ಮಾಡುವಾಗ ಮಾತೇ ಆಡ್ತಿರ್ಲಿಲ್ಲ. ಯಾರು ಮಾತಾಡ್ಸಿದ್ರೂ ಅಷ್ಟೇ. ತಲೆ ಬಗ್ಗಿಸ್ಕೊಂಡು ಪೂರ್ತಿ ತಿನ್ನೋರು, ಡಬ್ಬಿ ತೊಳ್ಕೊಳ್ಳೋರು, ಎದ್ದು ಹೋಗೋರು."

ಮನೆಯಲ್ಲೂ ಹಾಗೆಯೇ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ. ನಾನು ಬಡಿಸುತ್ತಾ ಏನಾದರೂ ಕೇಳಿದರೆ ಕೈಯಲ್ಲೇ ಸಾಕು ಅನ್ನುವರು. ಅವರು ಹೋದ ಮೇಲೆ ಇದು ಅವರೇ ಎಂದು ನನಗೆ ಗುರುತು ಸಿಕ್ಕುವಂತೆ ಅವರ ಬಗ್ಗೆ ಮಾತಾಡಿದ ಮೊದಲನೆಯವರು ಈ ಮನುಷ್ಯ.

"ಹೌದು" ಅಂದೆ. "ಅವರು ಹಾಗೇ."